ರೋಗಿಯ ನಿನ್ನೆಯನ್ನು ಕೇಳಿದ ವೈದ್ಯ ಎಮಿಲ್ ಕ್ರೇಪೆಲಿನ್

ಖಿನ್ನತೆಯಿಂದ ಕುಗ್ಗಿದ ವ್ಯಕ್ತಿ ವೈದ್ಯರ ಮುಂದೆ ಕುಳಿತಾಗ ಕಾಣುವುದು ಅಂದಿನ ದುಃಖ ಮಾತ್ರ. ಹಿಂದೊಮ್ಮೆ ಆತ ದಿನಗಟ್ಟಲೆ ನಿದ್ದೆಯ ಹಂಗಿಲ್ಲದೆ ಅತಿಯಾದ ಹುರುಪಿನಲ್ಲಿ ತೇಲಿದ್ದನೇ, ಹಿಂದುಮುಂದು ನೋಡದೆ ಹಣ ಚೆಲ್ಲಿದ್ದನೇ ಎಂಬುದು ಮುಖದ ಮೇಲೆ ಬರೆದಿರುವುದಿಲ್ಲ. ಆ ಹಿಂದಿನ ಕಥೆಯನ್ನು ತಿಳಿಯದೆ ರೋಗಕ್ಕೆ ಹೆಸರಿಡಲಾಗದು ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಅಗ್ರಗಣ್ಯರು.

ಕ್ರೇಪೆಲಿನ್ ಜನಿಸಿದ್ದು 1856ರ ಫೆಬ್ರವರಿ 15ರಂದು, ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಪಟ್ಟಣದಲ್ಲಿ. ತಂದೆ ರಂಗನಟ ಹಾಗೂ ಗಾಯಕ. ವೈದ್ಯ ಶಿಕ್ಷಣ ಮುಗಿಸಿ ಲೈಪ್‌ಜಿಗ್‌ಗೆ ಬಂದ ತರುಣನಿಗೆ ಅಲ್ಲಿನ ಚಿಕಿತ್ಸಾಲಯದಲ್ಲಿ ದೊರೆತ ಹುದ್ದೆ ಕೆಲವೇ ತಿಂಗಳಲ್ಲಿ ಕೈತಪ್ಪಿತು. ಮನಶ್ಶಾಸ್ತ್ರದ ಪ್ರಯೋಗಶಾಲೆ ಕಟ್ಟಿದ ವಿಲ್ಹೆಲ್ಮ್ ವುಂಟ್ ಅವರ ಪ್ರೋತ್ಸಾಹದಿಂದ 1883ರಲ್ಲಿ ಮನೋವೈದ್ಯಶಾಸ್ತ್ರದ ಚಿಕ್ಕದೊಂದು ಕೈಪಿಡಿ ಬರೆದರು. ಅದೇ ಕೈಪಿಡಿ ಎಂಟನೆಯ ಆವೃತ್ತಿಯ ವೇಳೆಗೆ ನಾಲ್ಕು ಸಂಪುಟಗಳಾಗಿ ಬೆಳೆಯಿತು.

1886ರಲ್ಲಿ, ಮೂವತ್ತರ ಹರೆಯದಲ್ಲೇ, ಅವರು ಡೋರ್ಪಾಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇಂದು ಅದು ಎಸ್ಟೋನಿಯಾದ ಟಾರ್ಟು ನಗರ. ಅನೇಕ ರೋಗಿಗಳ ಭಾಷೆ ವೈದ್ಯರಿಗೆ ತಿಳಿಯದು; ದುಭಾಷಿಗಳ ನೆರವಿಲ್ಲದೆ ಮಾತು ಸಾಗದು. 1891ರಲ್ಲಿ ಹೈಡಲ್‌ಬರ್ಗ್‌ಗೆ ಬಂದ ಮೇಲೆ ಅವರ ಮಹತ್ವದ ಕೆಲಸ ಆರಂಭವಾಯಿತು.

ಅಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಸಿದ್ಧವಾಗುತ್ತಿತ್ತು. ಲಕ್ಷಣಗಳೇನು, ಮೊದಲು ಇಟ್ಟ ಹೆಸರೇನು, ಬಿಡುಗಡೆಯ ನಂತರ ಏನಾಯಿತು ಎಂಬುದನ್ನು ಅದರಲ್ಲಿ ದಾಖಲಿಸಲಾಗುತ್ತಿತ್ತು. ವರ್ಷಗಳ ಚೀಟಿಗಳನ್ನು ಹೋಲಿಸಿದಾಗ ಒಂದು ಸಂಗತಿ ಎದ್ದು ಕಂಡಿತು: ಒಮ್ಮೆ ವಿಷಾದದಲ್ಲಿ ಮುಳುಗಿ ಬಂದವರೇ ಮತ್ತೊಮ್ಮೆ ಉನ್ಮಾದದಲ್ಲಿ ಬರುತ್ತಿದ್ದರು, ನಡುವೆ ಚೇತರಿಸಿಕೊಂಡು ಬಾಳುತ್ತಿದ್ದರು. ಇಂತಹ ಆವರ್ತನವನ್ನು ಫ್ರಾನ್ಸ್‌ನ ಫಾಲ್ರೆ ಮತ್ತು ಬಯಾರ್ಜೆ 1850ರ ದಶಕದಲ್ಲೇ ವಿವರಿಸಿದ್ದರು. 1899ರಲ್ಲಿ ಕ್ರೇಪೆಲಿನ್ ಇವೆಲ್ಲವನ್ನೂ ಉನ್ಮಾದ-ವಿಷಾದ ರೋಗ ಎಂಬ ಒಂದೇ ಹೆಸರಿನಡಿ ತಂದು, ಮುಂದೆ ಸ್ಕಿಜೋಫ್ರೀನಿಯಾ ಎನಿಸಿಕೊಂಡ ಕಾಯಿಲೆಯಿಂದ ಬೇರ್ಪಡಿಸಿದರು. ದುಃಖ ಮತ್ತು ಉದ್ರೇಕ ಒಂದೇ ಕಾಲಕ್ಕೆ ಬೆರೆತಿರುವ ಮಿಶ್ರ ಸ್ಥಿತಿಗಳನ್ನೂ ಅವರು ಗುರುತಿಸಿದರು.

1903ರಲ್ಲಿ ಮ್ಯೂನಿಕ್‌ಗೆ ತೆರಳಿದ ಅವರು, ಮರುವರ್ಷ ಜಾವಾ ದ್ವೀಪಕ್ಕೆ ಹೋಗಿ ಅಲ್ಲಿನ ಮನೋರೋಗಿಗಳನ್ನು ಪರೀಕ್ಷಿಸಿದರು. ಸಹೋದ್ಯೋಗಿ ಆಲ್ಜೈಮರ್ ಅವರ ಹೆಸರನ್ನು ಮರೆವಿನ ಕಾಯಿಲೆಗೆ 1910ರಲ್ಲಿ ಇಟ್ಟವರೂ ಇವರೇ. 1917ರಲ್ಲಿ ಮ್ಯೂನಿಕ್‌ನಲ್ಲಿ ಮನೋವೈದ್ಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು.

ಈ ಬದುಕಿಗೆ ಕರಾಳ ಮುಖವೂ ಇದೆ. ಮನೋರೋಗವನ್ನು ಜನಾಂಗದ ಅವನತಿಯೊಂದಿಗೆ ತಳಕು ಹಾಕಿದ ವಿಚಾರಗಳನ್ನು ಅವರು ಬೆಂಬಲಿಸಿದರು. ಅವರ ಶಿಷ್ಯ ಅರ್ನ್‌ಸ್ಟ್ ರುಡಿನ್, ನಾಜಿಗಳ 1933ರ ಬಲವಂತದ ಸಂತಾನಹರಣ ಕಾಯ್ದೆಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಒಬ್ಬರು. ಆ ವೇಳೆಗೆ ಗುರು ಬದುಕಿರಲಿಲ್ಲ. 1926ರ ಅಕ್ಟೋಬರ್ 7ರಂದು ಮ್ಯೂನಿಕ್‌ನಲ್ಲಿ ಅವರು ನಿಧನರಾಗಿದ್ದರು.

ಅವರು ಒಂದುಗೂಡಿಸಿದ ರೋಗವನ್ನು ಮುಂದಿನವರು ಮತ್ತೆ ವಿಂಗಡಿಸಿದರು. 1957ರಲ್ಲಿ ಕಾರ್ಲ್ ಲಿಯೊನ್‌ಹಾರ್ಡ್, ಕೇವಲ ಖಿನ್ನತೆ ಮರುಕಳಿಸುವವರನ್ನೂ ಎರಡೂ ತುದಿಗಳಿಗೆ ತೂಗುವವರನ್ನೂ ಬೇರೆ ಮಾಡಿದರು. ಎರಡನೆಯದೇ ಇಂದಿನ ಬೈಪೋಲಾರ್ ಕಾಯಿಲೆ. ಕ್ರೇಪೆಲಿನ್ ಕಾಲದಲ್ಲಿ ಪರಿಣಾಮಕಾರಿ ಔಷಧವಿರಲಿಲ್ಲ. ಹೆಸರಿನಿಂದ ರೋಗದ ಮುಂದಿನ ಹಾದಿಯನ್ನಷ್ಟೇ ಊಹಿಸಬಹುದಿತ್ತು. ಈಗ ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. ಅವರಿಗೆ ಲಿಥಿಯಂನಂತಹ, ಮನಃಸ್ಥಿತಿಯನ್ನು ಸ್ಥಿರಗೊಳಿಸುವ ಔಷಧ ಬೇಕಾಗಬಹುದು.

ಹುರುಪಿನ ದಿನಗಳನ್ನು ಯಾರೂ ಕಾಯಿಲೆಯೆಂದು ಭಾವಿಸಿ ವೈದ್ಯರ ಬಳಿಗೆ ಹೋಗುವುದಿಲ್ಲ. ಅದಕ್ಕಾಗಿಯೇ ಆ ದಿನಗಳ ಬಗ್ಗೆ ವಿಚಾರಿಸುವ ಪ್ರಶ್ನಾವಳಿಗಳು ಬಂದಿವೆ. 2000ದಲ್ಲಿ ಪ್ರಕಟವಾದ ಒಂದರಲ್ಲಿ ಲಕ್ಷಣಗಳ ಕುರಿತು 13 ಪ್ರಶ್ನೆಗಳಿವೆ. 2005ರ ಮತ್ತೊಂದರಲ್ಲಿ 32. ಇವು ಅನುಮಾನವನ್ನು ಎತ್ತಿ ತೋರಿಸುತ್ತವೆಯೇ ಹೊರತು ತೀರ್ಪು ನೀಡುವುದಿಲ್ಲ. ತೀರ್ಮಾನಕ್ಕೆ ವೈದ್ಯರ ವಿಚಾರಣೆ, ಮನೆಯವರ ಮಾತು, ಕಾಲದ ಸಾಕ್ಷ್ಯ ಮೂರೂ ಬೇಕು. ಹೈಡಲ್‌ಬರ್ಗ್‌ನ ಚೀಟಿಗಳು ಹುಡುಕಿದ್ದೂ ಅದನ್ನೇ.