ಗಾಳಿಯಿಂದ ಬಂಡಿಯನ್ನು ನಿಲ್ಲಿಸಿದವನು: ಜಾರ್ಜ್ ವೆಸ್ಟಿಂಗ್‌ಹೌಸ್

ಮುಂಬಯಿಯ ಹೆದ್ದಾರಿಗಳ ಮಗ್ಗುಲಲ್ಲಿ ಬೆಳೆದ ಬಾಲಕ ಬಾಲಿಕೆಯರಿಗೆ ಒಂದು ಸದ್ದು ಚಿರಪರಿಚಿತವಾದುದು. ಸರಕು ಹೇರಿದ ಲಾರಿಯೊಂದು ಬಂದು ನಿಂತು, ಚಾಲಕನು ನಿಲುಗಡೆಯ ಬ್ರೇಕನ್ನು ಹಾಕಿದೊಡನೆ, ಅದರ ಅಡಿಯಿಂದ ದೀರ್ಘವಾದ ನಿಟ್ಟುಸಿರಿನಂತಹ ಒಂದು ಧ್ವನಿಯು ಹೊರಡುತ್ತದೆ. ದಣಿದ ಎತ್ತು ನೊಗ ಕಳಚಿದಾಗ ಉಸಿರ್ಗರೆದಂತೆ ಅದು ಕೇಳಿಸುತ್ತದೆ. ನಾವು ದಿನವೂ ಈ ಸದ್ದನ್ನು ಕೇಳುತ್ತೇವೆ. ಆದರೆ ಅದರ ಹಿಂದೆ ಒಬ್ಬ ಮನುಷ್ಯನ ಬಾಳು ಅಡಗಿದೆಯೆಂಬುದನ್ನು ಬಲ್ಲವರು ವಿರಳ. ಗಾಳಿಯ ಬಲದಿಂದ ಬಂಡಿಗಳನ್ನು ನಿಲ್ಲಿಸುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಆತನ ಹೆಸರು ಜಾರ್ಜ್ ವೆಸ್ಟಿಂಗ್‌ಹೌಸ್. ಈ ವರ್ಷದ ಸಂಚಿಕೆಯಲ್ಲಿ ಆತನ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡಬಯಸುತ್ತೇವೆ.

ಜಾರ್ಜನು ಅಮೇರಿಕೆಯ ನ್ಯೂಯಾರ್ಕ್ ಸಂಸ್ಥಾನದ ಸೆಂಟ್ರಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ೧೮೪೬ನೆಯ ಇಸವಿ ಅಕ್ಟೋಬರ್ ೬ರಂದು ಜನಿಸಿದನು. ಆತನ ತಂದೆಯು ಬೇಸಾಯದ ಯಂತ್ರಗಳನ್ನು ಮಾಡುವ ಕುಶಲಿ. ಕೆಲವು ವರ್ಷಗಳಲ್ಲಿಯೇ ಸಂಸಾರವು ಸ್ಕೆನೆಕ್ಟಡಿ ಎಂಬ ಪಟ್ಟಣಕ್ಕೆ ಬಂದು ನೆಲಸಿತು. ಅಲ್ಲಿ ತಂದೆಯ ಕಾರ್ಖಾನೆಯೇ ಬಾಲಕನಿಗೆ ನಿಜವಾದ ಪಾಠಶಾಲೆಯಾಯಿತು. ಪುಸ್ತಕದ ಪಾಠಗಳಲ್ಲಿ ನಿಲ್ಲದ ಮನಸ್ಸು ತಿರುಗುವ ಗಾಲಿಗಳ ಮುಂದೆ ನಿಶ್ಚಲವಾಗಿ ನಿಲ್ಲುತ್ತಿದ್ದಿತು.

ಆ ದಿನಗಳಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಿತು. ಗುಲಾಮಗಿರಿಯು ಉಳಿಯಬೇಕೇ ಅಳಿಯಬೇಕೇ ಎಂಬುದೇ ಆ ಯುದ್ಧದ ಮೂಲದಲ್ಲಿದ್ದ ಪ್ರಶ್ನೆ. ಹದಿಹರೆಯದ ಜಾರ್ಜನು ಉತ್ತರದ ಸೈನ್ಯವನ್ನು ಸೇರಿ ಅಶ್ವದಳದಲ್ಲಿ ಸೇವೆ ಸಲ್ಲಿಸಿದನು. ಬಳಿಕ ನೌಕಾದಳಕ್ಕೆ ಹೋಗಿ ಹಡಗಿನ ಯಂತ್ರಗಳ ಮೇಲ್ವಿಚಾರಣೆಯನ್ನು ಕಲಿತನು. ಅದೇ ಯುದ್ಧದಲ್ಲಿ ಆತನ ಅಣ್ಣ ಆಲ್ಬರ್ಟನು ಮಡಿದನು. ಯುದ್ಧ ಮುಗಿದ ಮೇಲೆ ಊರಿನ ಯೂನಿಯನ್ ಕಾಲೇಜಿಗೆ ಸೇರಿದನಾದರೂ ಮೊದಲನೆಯ ಅವಧಿಯಲ್ಲಿಯೇ ಅದನ್ನು ಬಿಟ್ಟು ಕಾರ್ಖಾನೆಗೆ ಮರಳಿದನು. ೧೮೬೫ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಬಗೆಯ ಉಗಿಯಂತ್ರಕ್ಕಾಗಿ ಆತನಿಗೆ ಮೊದಲನೆಯ ಪೇಟೆಂಟು ದೊರೆಯಿತು. ಹಳಿ ತಪ್ಪಿದ ಬಂಡಿಗಳನ್ನು ಮರಳಿ ಹಳಿಯ ಮೇಲೇರಿಸುವ ಸಾಧನವೊಂದನ್ನೂ ಆತನು ರಚಿಸಿದನು. ಹೀಗೆ ರೈಲುಮಾರ್ಗದ ನಂಟು ಬೆಳೆಯಿತು.

೧೮೬೬ರಲ್ಲಿ ನಡೆದ ಒಂದು ಘಟನೆಯು ಆತನ ಬಾಳಿನ ದಿಕ್ಕನ್ನೇ ತಿರುಗಿಸಿತು. ಸ್ಕೆನೆಕ್ಟಡಿ ಮತ್ತು ಟ್ರಾಯ್ ಪಟ್ಟಣಗಳ ನಡುವೆ ಎರಡು ಸರಕಿನ ರೈಲುಗಳು ಎದುರುಬದುರಾಗಿ ಡಿಕ್ಕಿ ಹೊಡೆದಿದ್ದವು. ಅದು ಹಗಲು ಹೊತ್ತು. ಮಾರ್ಗವು ಸಮತಟ್ಟಾಗಿ ನೇರವಾಗಿತ್ತು. ಚಾಲಕರಿಬ್ಬರೂ ಒಬ್ಬರ ಬಂಡಿಯನ್ನೊಬ್ಬರು ಕಂಡಿದ್ದರು. ಕಂಡರೂ ನಿಲ್ಲಿಸಲಾಗಲಿಲ್ಲ. ಚದರಿಬಿದ್ದ ಸರಕಿನ ನಡುವೆ ನಿಂತ ಯುವಕನಿಗೆ, ಕಣ್ಣಿಗೆ ಕಂಡ ಅಪಾಯವನ್ನು ಕೈಯಿಂದ ತಡೆಯಲಾರದ ಈ ಅಸಹಾಯಕತೆಯೇ ದೊಡ್ಡ ಸಮಸ್ಯೆಯಾಗಿ ತೋರಿತು.

ಅಂದು ರೈಲನ್ನು ನಿಲ್ಲಿಸುತ್ತಿದ್ದ ರೀತಿಯನ್ನು ತಿಳಿದರೆ ನಮಗೆ ಆಶ್ಚರ್ಯವಾದೀತು. ಪ್ರತಿಯೊಂದು ಬಂಡಿಗೂ ಕೈಯಿಂದ ತಿರುಗಿಸುವ ಒಂದು ಬ್ರೇಕಿನ ಚಕ್ರವಿರುತ್ತಿತ್ತು. ಎಂಜಿನ್ನಿನ ಸೀಟಿಯ ಸೂಚನೆ ಕೇಳಿದೊಡನೆ ಬ್ರೇಕಿನ ಆಳುಗಳು ಒಂದೊಂದೇ ಬಂಡಿಯ ಚಕ್ರವನ್ನು ತಿರುಗಿಸುತ್ತ ಓಡಬೇಕು. ಸರಕಿನ ರೈಲಾದರೆ ಓಡುವ ಬಂಡಿಗಳ ಮಾಡಿನ ಮೇಲೆಯೇ ನಡೆದು, ಒಂದರಿಂದೊಂದಕ್ಕೆ ದಾಟಬೇಕು. ಮಳೆಯಿರಲಿ, ಹಿಮ ಬೀಳುತ್ತಿರಲಿ, ಕಾರಿರುಳಿರಲಿ, ಕೆಲಸ ತಪ್ಪದು. ಕಾಲು ಜಾರಿದವನು ಗಾಲಿಗಳ ಪಾಲಾಗುತ್ತಿದ್ದನು. ಬ್ರೇಕಿನ ಆಳು ಮುದುಕನಾಗಿ ಮನೆಯಲ್ಲಿ ಸಾಯುವುದೆಂದರೆ ಪುಣ್ಯವೆಂದೇ ಎಣಿಸಬೇಕಾದ ಕಾಲ ಅದು.

ಎಂಜಿನ್ನಿನಲ್ಲಿ ಕುಳಿತ ಚಾಲಕನೊಬ್ಬನೇ ಎಲ್ಲ ಬಂಡಿಗಳನ್ನೂ ಏಕಕಾಲಕ್ಕೆ ಹಿಡಿದು ನಿಲ್ಲಿಸುವಂತಾಗಬೇಕೆಂಬುದು ವೆಸ್ಟಿಂಗ್‌ಹೌಸನ ಹಂಬಲವಾಯಿತು. ಸರಪಣಿಯಿಂದ ಸಾಧ್ಯವೇ ಎಂದು ನೋಡಿದನು; ಬಂಡಿಗಳ ಸಂಖ್ಯೆ ಹೆಚ್ಚಿದರೆ ಸರಪಣಿಯು ಸಾಲದು. ಉಗಿಯಿಂದ ಸಾಧ್ಯವೇ ಎಂದು ಯೋಚಿಸಿದನು. ಉದ್ದವಾದ ನಳಿಗೆಯಲ್ಲಿ ಉಗಿಯು ತಣಿದು ನೀರಾಗುವುದು. ಹೀಗೆ ದಾರಿಗಾಣದಿದ್ದಾಗ ಮಾಸಪತ್ರಿಕೆಯೊಂದರಲ್ಲಿ ಆತನು ಒಂದು ಲೇಖನವನ್ನು ಓದಿದನು. ಕಾರ್ಖಾನೆಗೆ ಚಂದಾ ಕೇಳಲು ಬಂದ ಯುವತಿಯೊಬ್ಬಳ ಮಾತಿಗೆ ಒಪ್ಪಿ ಆ ಪತ್ರಿಕೆಗೆ ಚಂದಾದಾರನಾಗಿದ್ದನೆಂದು ಹೇಳುತ್ತಾರೆ. ಫ್ರಾನ್ಸ್ ಮತ್ತು ಇಟಲಿಗಳ ನಡುವಣ ಮೋ ಸೆನಿ ಪರ್ವತದ ಸುರಂಗವನ್ನು ಕೊರೆಯಲು ಒತ್ತಿ ತುಂಬಿದ ಗಾಳಿಯನ್ನು ಬಹು ದೂರದವರೆಗೆ ನಳಿಗೆಗಳಲ್ಲಿ ಸಾಗಿಸುತ್ತಿರುವರೆಂಬ ವರ್ಣನೆ ಅದರಲ್ಲಿತ್ತು. ಗಾಳಿಯು ಉಗಿಯಂತೆ ತಣಿದು ನೀರಾಗದು, ಸರಪಣಿಯಂತೆ ತುಂಡಾಗದು, ಎಲ್ಲೆಡೆಯೂ ಬೆಲೆಯಿಲ್ಲದೆ ದೊರೆಯುವುದು. ಬಂಡೆಯನ್ನು ಕೊರೆಯಬಲ್ಲ ಗಾಳಿಯು ಬಂಡಿಯನ್ನು ಏಕೆ ನಿಲ್ಲಿಸಬಾರದು?

ಈ ಭಾವನೆಯನ್ನು ಕೇಳಿ ನಕ್ಕವರೇ ಹೆಚ್ಚು. ಕೊನೆಗೆ ಪಿಟ್ಸ್‌ಬರ್ಗ್ ನಗರದಲ್ಲಿ ರಾಲ್ಫ್ ಬ್ಯಾಗಲೆ ಎಂಬ ಮಿತ್ರನ ಧನಸಹಾಯ ದೊರೆತು, ಒಂದು ಪ್ರಯಾಣಿಕರ ರೈಲಿಗೆ ಹೊಸ ಬ್ರೇಕನ್ನು ಜೋಡಿಸಲಾಯಿತು. ಮೊದಲನೆಯ ಓಟದಲ್ಲಿಯೇ ಹಳಿಯ ಮೇಲೆ ಕುದುರೆಗಾಡಿಯೊಂದು ಅಡ್ಡ ಬಂದಿತೆಂದೂ, ಗಾಡಿಯವನು ಹಳಿಗಳ ನಡುವೆ ಬಿದ್ದನೆಂದೂ, ಚಾಲಕನು ಗಾಳಿಯನ್ನು ಬಿಟ್ಟೊಡನೆ ರೈಲು ಅವನಿಂದ ಕೆಲವೇ ಅಡಿಗಳ ದೂರದಲ್ಲಿ ನಿಂತಿತೆಂದೂ ಆತನ ಚರಿತ್ರಕಾರರು ಬರೆದಿರುವರು. ೧೮೬೯ರ ಏಪ್ರಿಲ್ ತಿಂಗಳಲ್ಲಿ ಪೇಟೆಂಟು ದೊರೆಯಿತು. ಅದೇ ವರ್ಷ ಬ್ರೇಕುಗಳ ಕಾರ್ಖಾನೆಯೂ ಪಿಟ್ಸ್‌ಬರ್ಗಿನಲ್ಲಿ ಆರಂಭವಾಯಿತು. ಆಗ ಆತನಿಗೆ ಇಪ್ಪತ್ತಮೂರು ವರ್ಷವೂ ತುಂಬಿರಲಿಲ್ಲ.

ಸಾಮಾನ್ಯನಾದವನು ಇಲ್ಲಿಗೆ ತೃಪ್ತನಾಗುತ್ತಿದ್ದನು. ಕೀರ್ತಿ ಬಂದಿತ್ತು, ಹಣವೂ ಬರುತ್ತಿತ್ತು. ಆದರೆ ವೆಸ್ಟಿಂಗ್‌ಹೌಸನು ತನ್ನ ಬ್ರೇಕಿನಲ್ಲಿದ್ದ ದೋಷವನ್ನು ತಾನೇ ಕಂಡುಕೊಂಡನು. ಮೊದಲನೆಯ ಬ್ರೇಕಿನಲ್ಲಿ ಎಂಜಿನ್ನಿನ ತೊಟ್ಟಿಯಿಂದ ಗಾಳಿಯು ನಳಿಗೆಯ ಮೂಲಕ ಪ್ರತಿ ಬಂಡಿಯ ಕೊಳವೆಗೆ ಹೋಗಿ, ಅಲ್ಲಿಯ ಕೊಂತವನ್ನು ದೂಡಿ, ಬ್ರೇಕಿನ ಕಟ್ಟೆಗಳನ್ನು ಗಾಲಿಗಳಿಗೆ ಒತ್ತುತ್ತಿದ್ದಿತು. ಗಾಳಿ ಬಂದರೆ ಬ್ರೇಕು. ಗಾಳಿ ಇಲ್ಲವಾದರೆ ಬ್ರೇಕಿಲ್ಲ. ಬಂಡಿಗಳ ನಡುವಣ ರಬ್ಬರಿನ ನಳಿಗೆಯೊಂದು ಹರಿದರೆ ಗತಿಯೇನು? ಏರುಮಾರ್ಗದಲ್ಲಿ ಕೊಂಡಿ ಕಳಚಿ ಹಿಂದಿನ ಬಂಡಿಗಳು ಹಿಮ್ಮುಖವಾಗಿ ಉರುಳತೊಡಗಿದರೆ ಅವುಗಳನ್ನು ಹಿಡಿಯುವವರಾರು? ಬ್ರೇಕು ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಅದು ಕೈಕೊಡುವುದು.

ಆತನು ಇಡೀ ಏರ್ಪಾಟನ್ನು ತಲೆಕೆಳಗು ಮಾಡಿದನು. ೧೮೭೨ರ ಹೊಸ ಬ್ರೇಕಿನಲ್ಲಿ ಪ್ರತಿಯೊಂದು ಬಂಡಿಗೂ ಅದರದೇ ಆದ ಗಾಳಿಯ ತೊಟ್ಟಿಯುಂಟು. ರೈಲಿನ ಉದ್ದಕ್ಕೂ ಹೋಗುವ ನಳಿಗೆಯಲ್ಲಿ ಗಾಳಿಯು ಸದಾ ತುಂಬಿಯೇ ಇರುವುದು. ತೊಟ್ಟಿಗೂ ನಳಿಗೆಗೂ ನಡುವೆ ಒಂದು ಸೂಕ್ಷ್ಮವಾದ ಕವಾಟವನ್ನು ಇರಿಸಿದನು. ನಳಿಗೆಯ ಒತ್ತಡವು ಏರಿದಾಗ ಆ ಕವಾಟವು ತೊಟ್ಟಿಯನ್ನು ತುಂಬಿಸಿ ಬ್ರೇಕನ್ನು ಸಡಿಲಿಸುವುದು. ಒತ್ತಡವು ಇಳಿದೊಡನೆ ತೊಟ್ಟಿಯ ಗಾಳಿಯನ್ನು ಬ್ರೇಕಿನ ಕೊಳವೆಗೆ ಬಿಡುವುದು. ಆದುದರಿಂದ ಚಾಲಕನು ರೈಲನ್ನು ನಿಲ್ಲಿಸಲು ಗಾಳಿಯನ್ನು ಕಳುಹಿಸಬೇಕಾಗಿಲ್ಲ, ನಳಿಗೆಯಿಂದ ಹೊರಗೆ ಬಿಡಬೇಕು. ನಳಿಗೆ ಹರಿದರೂ, ಕೊಂಡಿ ಕಳಚಿದರೂ ಗಾಳಿ ತಾನಾಗಿಯೇ ಹೋಗುವುದು. ತುಂಡಾದ ರೈಲಿನ ಎರಡು ಭಾಗಗಳೂ ತಾವಾಗಿಯೇ ನಿಲ್ಲುವುವು. ಮುರಿದಾಗ ಓಡುವ ಯಂತ್ರವನ್ನು ಆತನು ಮುರಿದಾಗ ನಿಲ್ಲುವ ಯಂತ್ರವನ್ನಾಗಿ ಮಾಡಿದನು. ಆತನ ನೂರಾರು ನಿರ್ಮಾಣಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೆಂದು ನಮ್ಮ ಭಾವನೆ.

ಇನ್ನೊಂದು ಪರೀಕ್ಷೆ ಉಳಿದಿತ್ತು. ೧೮೮೬ ಮತ್ತು ೧೮೮೭ರಲ್ಲಿ ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಎಂಬಲ್ಲಿ ಐವತ್ತು ಬಂಡಿಗಳ ಸರಕಿನ ರೈಲುಗಳ ಮೇಲೆ ಹಲವು ಬಗೆಯ ಬ್ರೇಕುಗಳನ್ನು ಪರೀಕ್ಷಿಸಿದರು. ಅಷ್ಟು ಉದ್ದವಾದ ರೈಲಿನಲ್ಲಿ ವೆಸ್ಟಿಂಗ್‌ಹೌಸನ ಬ್ರೇಕು ಸೋತಿತು. ಮುಂದಿನ ಬಂಡಿಗಳು ಹಿಡಿದು ನಿಂತರೂ ಹಿಂದಿನವುಗಳಿಗೆ ಸೂಚನೆ ಮುಟ್ಟುವಷ್ಟರಲ್ಲಿ ಅವು ಬಂದು ಭಯಂಕರವಾಗಿ ಅಪ್ಪಳಿಸುತ್ತಿದ್ದವು. ಎಲ್ಲರೆದುರಿಗೆ ಬಂದ ಸೋಲು ಅದು. ಆದರೆ ಆತನು ನೆಪ ಹೇಳಲಿಲ್ಲ. ಕಾರ್ಖಾನೆಗೆ ಮರಳಿ ಕವಾಟವನ್ನು ತಿದ್ದಿದನು. ಅವಸರದ ಸಮಯದಲ್ಲಿ ಪ್ರತಿ ಕವಾಟವೂ ತನ್ನ ಬಳಿಯ ನಳಿಗೆಯ ಗಾಳಿಯನ್ನೂ ತಾನೇ ಸೆಳೆದುಕೊಳ್ಳುವಂತೆ ಮಾಡಿದುದರಿಂದ ಸೂಚನೆಯು ಬಂಡಿಯಿಂದ ಬಂಡಿಗೆ ಬಹು ವೇಗವಾಗಿ ಹರಿಯಿತು. ೧೮೮೭ರ ಕೊನೆಯ ಭಾಗದಲ್ಲಿ ಐವತ್ತು ಬಂಡಿಗಳ ರೈಲೊಂದಕ್ಕೆ ಇದನ್ನು ಜೋಡಿಸಿ ಊರೂರಿಗೆ ಕೊಂಡೊಯ್ದು ತೋರಿಸಿದನು. ೧೮೯೩ರಲ್ಲಿ ಅಮೇರಿಕೆಯ ಶಾಸನವು ರೈಲುಗಳಿಗೆ ಇಂತಹ ಬ್ರೇಕನ್ನು ಕಡ್ಡಾಯಗೊಳಿಸಿತು. ಮಾಡಿನ ಮೇಲೆ ಓಡುವ ಆಳುಗಳ ಕಾಲ ಕ್ರಮೇಣ ಮುಗಿಯಿತು.

ವೆಸ್ಟಿಂಗ್‌ಹೌಸನು ಬ್ರೇಕಿನಲ್ಲಿಯೇ ನಿಲ್ಲಲಿಲ್ಲ. ೧೮೮೬ರಲ್ಲಿ ವಿದ್ಯುತ್ತಿನ ಉದ್ಯಮವನ್ನು ಆರಂಭಿಸಿ, ೧೮೮೮ರಲ್ಲಿ ನಿಕೋಲಾ ಟೆಸ್ಲಾನ ಪೇಟೆಂಟುಗಳನ್ನು ಪಡೆದು, ಪರ್ಯಾಯ ವಿದ್ಯುತ್ಪ್ರವಾಹವನ್ನು ಬಳಕೆಗೆ ತಂದನು. ಥಾಮಸ್ ಎಡಿಸನ್ನನಂತಹ ಪ್ರಬಲನ ವಿರೋಧವನ್ನು ಎದುರಿಸಿ ೧೮೯೩ರ ಶಿಕಾಗೋ ಪ್ರದರ್ಶನವನ್ನು ದೀಪಗಳಿಂದ ಬೆಳಗಿಸಿದನು. ನಯಾಗರಾ ಜಲಪಾತದ ವಿದ್ಯುತ್ತು ೧೮೯೬ರಲ್ಲಿ ಬಫೆಲೊ ನಗರವನ್ನು ಮುಟ್ಟಿದುದು ಆತನ ಯಂತ್ರಗಳಿಂದ. ಕಾರ್ಮಿಕರಿಗೆ ಶನಿವಾರದ ಮಧ್ಯಾಹ್ನ ಬಿಡುವು ಕೊಟ್ಟ ಮೊದಲಿಗರಲ್ಲಿ ಆತನೂ ಒಬ್ಬನು. ಆದರೆ ೧೯೦೭ರಲ್ಲಿ ಅಮೇರಿಕೆಯ ಹಣದ ಪೇಟೆ ಕುಸಿದಾಗ ತಾನು ಕಟ್ಟಿದ ವಿದ್ಯುತ್ ಸಂಸ್ಥೆಯ ಒಡೆತನವು ಆತನ ಕೈತಪ್ಪಿತು. ೧೯೧೪ನೆಯ ಮಾರ್ಚ್ ೧೨ರಂದು ಆತನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಮುನ್ನೂರ ಅರವತ್ತಕ್ಕೂ ಮಿಕ್ಕ ಪೇಟೆಂಟುಗಳನ್ನು ಪಡೆದಿದ್ದ ಆತನನ್ನು ಮಾಜಿ ಯೋಧನೆಂಬ ಗೌರವದಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಇನ್ನು ನಮ್ಮ ಲಾರಿಯ ಬಳಿಗೆ ಮರಳೋಣ. ಎಂಜಿನ್ನಿಗೆ ಸೇರಿದ ಪಂಪು ಗಾಳಿಯನ್ನು ಒತ್ತಿ ತೊಟ್ಟಿಗಳಲ್ಲಿ ತುಂಬುತ್ತದೆ. ಚಾಲಕನು ಪಾದದಿಂದ ಒತ್ತಿದಾಗ ಆ ಗಾಳಿಯು ಗಾಲಿಗಳ ಬಳಿಯ ಡಬ್ಬಿಗಳಿಗೆ ಹೋಗಿ ಬ್ರೇಕನ್ನು ಹಿಡಿಸುತ್ತದೆ. ಒಂದು ದಾರಿ ಕೆಟ್ಟರೂ ಇನ್ನೊಂದು ಉಳಿಯಲೆಂದು ಇದನ್ನು ಎರಡು ಪಾಲಾಗಿ ಮಾಡಿರುತ್ತಾರೆ. ಹಿಂಗಾಲಿಗಳ ಡಬ್ಬಿಯಲ್ಲಿ ಇದಲ್ಲದೆ ಬಲವಾದ ಸ್ಪ್ರಿಂಗೊಂದಿರುತ್ತದೆ. ಅದನ್ನು ಗಾಳಿಯೇ ಅದುಮಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗು ಬಿಚ್ಚಿ ಗಾಲಿಗಳನ್ನು ಹಿಡಿಯುತ್ತದೆ. ಲಾರಿ ನಿಂತಾಗ ಕೇಳಿಬರುವ ನಿಟ್ಟುಸಿರು ಈ ಗಾಳಿಯದೇ. ಈ ಸ್ಪ್ರಿಂಗಿನ ಡಬ್ಬಿಯು ತರುವಾಯದವರ ರಚನೆ. ಆದರೆ ಮುರಿದಾಗ ನಿಲ್ಲಬೇಕೆಂಬ ಅದರ ನಿಯಮವು ೧೮೭೨ರ ಕವಾಟದಲ್ಲಿ ಇದ್ದುದೇ ಆಗಿದೆ.

ನಮ್ಮ ಶಾಲೆಯ ಕೆಲವು ಬಾಲಕರ ಮನೆಯವರು ಲಾರಿ ನಡೆಸುವವರು. ಕೆಲವರು ಗ್ಯಾರೇಜುಗಳಲ್ಲಿ ದುಡಿಯುವವರು. ಅವರನ್ನು ಕೇಳಿ ನೋಡಿರಿ. ಬೋರ್ ಘಟ್ಟವನ್ನು ಇಳಿಯುವ ಮುನ್ನ ಗಾಳಿಯ ಮುಳ್ಳನ್ನು ಏಕೆ ನೋಡಬೇಕು, ತೊಟ್ಟಿಯಲ್ಲಿ ಸೇರುವ ನೀರನ್ನು ಏಕೆ ಹೊರಬಿಡಬೇಕು ಎಂಬುದನ್ನು ಅವರು ಹೇಳಿಯಾರು. ಕೆಲವು ಗಾಡಿಗಳಲ್ಲಿ ನಿಲುಗಡೆಯ ಬ್ರೇಕು ಎಂಜಿನ್ನಿನ ಬಲವನ್ನು ಹಿಂಗಾಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆಯೇ ಇರುತ್ತದೆ; ಆ ಶಾಫ್ಟನ್ನು ಕಳಚಿದೊಡನೆ ಗಾಡಿಗೆ ಹಿಡಿತವೇ ಇರುವುದಿಲ್ಲ. ಆದುದರಿಂದ ಬಲ್ಲ ಮಿಸ್ತ್ರಿಯು ಗಾಡಿಯ ಅಡಿಗೆ ಹೋಗುವ ಮುನ್ನ ಗಾಲಿಗಳಿಗೆ ಮರದ ತಡೆಯನ್ನು ಕೊಡುತ್ತಾನೆ. ಅದುಮಿದ ಸ್ಪ್ರಿಂಗಿನ ಡಬ್ಬಿಯನ್ನು ಅಜಾಗರೂಕತೆಯಿಂದ ಬಿಚ್ಚಿದರೆ ಅದು ಸಿಡಿದು ಪ್ರಾಣವನ್ನೇ ತೆಗೆಯಬಲ್ಲದೆಂಬುದನ್ನೂ ಅವನು ಬಲ್ಲನು. ಎಣ್ಣೆ ಹತ್ತಿದ ಕೈಗಳ ಈ ಎಚ್ಚರಿಕೆಯು ವೆಸ್ಟಿಂಗ್‌ಹೌಸನ ಎಚ್ಚರಿಕೆಗೆ ಕಡಿಮೆಯಾದುದಲ್ಲ. ಅಂತಹ ಕೈಗಳ ಮಕ್ಕಳು ತಮ್ಮ ಮನೆಯ ಕಸಬನ್ನು ಹೇಳಿಕೊಳ್ಳಲು ನಾಚಬೇಕಾದುದಿಲ್ಲ.

ವಿದ್ಯಾರ್ಥಿಗಳೇ, ವೇಗವನ್ನು ಕಂಡುಹಿಡಿದವರನ್ನು ಲೋಕವು ಬಹಳವಾಗಿ ಹೊಗಳುತ್ತದೆ. ನಿಲ್ಲಿಸುವುದನ್ನು ಕಲಿಸಿದವನನ್ನು ಮರೆಯುತ್ತದೆ. ಆದರೆ ನಿಲ್ಲಿಸಬಲ್ಲೆವೆಂಬ ನಂಬಿಕೆ ಇಲ್ಲದಿದ್ದರೆ ಯಾರು ತಾನೆ ವೇಗವಾಗಿ ಹೋದಾರು? ವೆಸ್ಟಿಂಗ್‌ಹೌಸನು ಲೋಕದ ಮೆಚ್ಚುಗೆ ದೊರೆತ ಮೇಲೆಯೂ ತನ್ನ ಕೆಲಸದ ತಪ್ಪನ್ನು ತಾನೇ ಹುಡುಕಿದನು. ಅದರಿಂದ ಎಷ್ಟೋ ಮನೆಗಳಿಗೆ ದುಡಿಯುವ ಮಗನು ಸಂಜೆ ಜೀವಸಹಿತ ಮರಳಿದನು. ಉತ್ತರಪತ್ರಿಕೆಯಲ್ಲಿ ಪೂರ್ಣ ಅಂಕಗಳು ಬಂದ ದಿನವೂ ಅದನ್ನು ಮತ್ತೊಮ್ಮೆ ಓದಿ ತಪ್ಪನ್ನು ಹುಡುಕುವ ಬಾಲಕನು ನಮ್ಮ ಶಾಲೆಯಲ್ಲಿ ಒಬ್ಬನಾದರೂ ಇದ್ದರೆ, ಈ ಲೇಖನವನ್ನು ಬರೆದ ನಮ್ಮ ಶ್ರಮವು ಸಾರ್ಥಕವೆಂದು ತಿಳಿಯುತ್ತೇವೆ.