ತಲೆಸುತ್ತು ಬಂದರೆಲ್ಲ ಪಿತ್ತವೇ? ಕಿವಿಗೆ ನೀರು ಬಿಟ್ಟು ಉತ್ತರ ಕಂಡುಕೊಂಡ ರಾಬರ್ಟ್ ಬಾರಾನಿ

ತಲೆಸುತ್ತು ಅಂದ ಕೂಡಲೇ ನಮ್ಮ ನ್ಯಾಮತಿ, ಹೊನ್ನಾಳಿ ಕಡೆ ಸಿಗುವ ಮೊದಲ ಸಲಹೆ, ಪಿತ್ತ ಜಾಸ್ತಿಯಾಗಿದೆ, ನಿಂಬೆಹಣ್ಣಿನ ಶರಬತ್ತು ಕುಡಿ ಎಂಬುದು. ಅದಕ್ಕೂ ನಿಲ್ಲದಿದ್ದರೆ ನಿಶ್ಶಕ್ತಿ, ಒಂದು ಬಾಟಲಿ ಗ್ಲೂಕೋಸ್ ಹಾಕಿಸು ಎನ್ನುತ್ತಾರೆ. ವಾಟ್ಸಾಪ್‌ನಲ್ಲಿ ಬರುವ ಮನೆಮದ್ದುಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ.

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಕಾಯಿಲೆ ಇರುವವರ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪೊಂದು ಆಗುತ್ತದೆ. ಅಲ್ಲಿ ಸ್ವಲ್ಪ ತಲೆ ತಿರುಗಿದರೂ ಕಾಯಿಲೆ ಮತ್ತೆ ಜೋರಾಯಿತು ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಎರಡೂ ಕಡೆ ಕೇಳದೇ ಉಳಿಯುವ ಪ್ರಶ್ನೆ ಒಂದೇ. ಈ ತಲೆಸುತ್ತು ಹುಟ್ಟುತ್ತಿರುವುದು ಕಿವಿಯಲ್ಲೋ, ಮೆದುಳಿನಲ್ಲೋ?

ಈ ಪ್ರಶ್ನೆಗೆ ಊಹೆಯಿಂದಲ್ಲ, ಪರೀಕ್ಷೆಯಿಂದ ಉತ್ತರ ಹುಡುಕಬಹುದು ಎಂದು ತೋರಿಸಿದವರು ವೈದ್ಯ ರಾಬರ್ಟ್ ಬಾರಾನಿ. ಅವರ ಬದುಕಿನ ಕಥೆಯನ್ನೇ ಹಿಡಿದು ಇದನ್ನು ಅರ್ಥ ಮಾಡಿಕೊಳ್ಳೋಣ.

ಮಂಡಿ ನೋವಿನ ಹುಡುಗ ವೈದ್ಯನಾದ

ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ರಂದು, ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ. ಹಂಗೇರಿ ಮೂಲದ ಯಹೂದಿ ಕುಟುಂಬ, ಆರು ಮಕ್ಕಳಲ್ಲಿ ಇವರೇ ಹಿರಿಯರು. ಚಿಕ್ಕಂದಿನಲ್ಲಿ ಮೂಳೆಗೆ ಕ್ಷಯ ತಗುಲಿ ಒಂದು ಮಂಡಿ ಶಾಶ್ವತವಾಗಿ ಬಿಗಿದುಕೊಂಡಿತು. ವೈದ್ಯಕೀಯದ ಕಡೆ ಅವರ ಮನಸ್ಸು ಹೊರಳಿದ್ದು ಈ ಕಾಯಿಲೆಯಿಂದಲೇ ಎನ್ನುತ್ತಾರೆ. ಆದರೂ ಅವರು ಟೆನಿಸ್ ಆಡುವುದನ್ನಾಗಲೀ ಬೆಟ್ಟ ಹತ್ತುವುದನ್ನಾಗಲೀ ಬಿಡಲಿಲ್ಲ. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಕೆಲವು ವರ್ಷಗಳ ನಂತರ ಅಲ್ಲಿನ ಹೆಸರಾಂತ ಕಿವಿ ಚಿಕಿತ್ಸಾಲಯ ಸೇರಿದರು.

ಬಚ್ಚಲ ಹಂಡೆಯ ಲೆಕ್ಕ

ಕಿವಿ ತೊಳೆಯಲು ಪಿಚಕಾರಿಯಿಂದ ನೀರು ಬಿಡುವುದು ಅಲ್ಲಿ ದಿನನಿತ್ಯದ ಕೆಲಸ. ಹಾಗೆ ಮಾಡುವಾಗ ಕೆಲವರಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಅವರ ಕಣ್ಣುಗುಡ್ಡೆಗಳು ಒಂದೇ ದಿಕ್ಕಿಗೆ ಪಟಪಟನೆ ಎಳೆದಂತೆ ಅದುರುವುದನ್ನೂ ಬಾರಾನಿ ಗಮನಿಸಿದರು. ಈ ಅದುರಾಟಕ್ಕೆ ವೈದ್ಯರು ನಿಸ್ಟಾಗ್ಮಸ್ ಎನ್ನುತ್ತಾರೆ. ಒಬ್ಬ ರೋಗಿ ನೀರು ತಣ್ಣಗಿದ್ದದ್ದರಿಂದಲೇ ತಲೆ ಸುತ್ತಿತು ಎಂದು ದೂರಿದ. ಬೇರೆ ಯಾರಾದರೂ ಇದನ್ನು ಅಲ್ಲಿಗೇ ಬಿಡುತ್ತಿದ್ದರೋ ಏನೋ. ಬಾರಾನಿ ಬಿಸಿ ನೀರು ಬಿಟ್ಟು ನೋಡಿದರು. ಈ ಸಲ ಕಣ್ಣು ಅದುರಿದ್ದು ಹಿಂದಿನದಕ್ಕೆ ವಿರುದ್ಧ ದಿಕ್ಕಿಗೆ!

ಇದು ಯಾಕೆ ಹೀಗೆ? ನಮ್ಮ ಒಳಕಿವಿಯಲ್ಲಿ ಬಳೆಯ ತುಂಡುಗಳಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅವುಗಳೊಳಗೆ ದ್ರವವಿದೆ. ತಲೆ ಅಲ್ಲಾಡಿದಾಗ ದ್ರವದ ಚಲನೆಯಿಂದ ಮೆದುಳಿಗೆ ಸುದ್ದಿ ಹೋಗುತ್ತದೆ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲಕ್ಕೂ ತಣ್ಣೀರು ಕೆಳಕ್ಕೂ ಸರಿಯುತ್ತದಲ್ಲ, ಅದೇ ರೀತಿ ಬಿಸಿ ಅಥವಾ ತಣ್ಣೀರು ತಾಗಿದಾಗ ಕಿವಿಯೊಳಗಿನ ದ್ರವವೂ ಹರಿಯುತ್ತದೆ. ತಲೆ ಅಲ್ಲಾಡದಿದ್ದರೂ ತಿರುಗುತ್ತಿದೆ ಎಂದು ಮೆದುಳು ನಂಬುತ್ತದೆ. ಬಾರಾನಿ ಇದನ್ನು 1906ರಲ್ಲಿ ಪ್ರಕಟಿಸಿದರು. ಮುಂದೆ 1983ರಲ್ಲಿ ಬಾಹ್ಯಾಕಾಶದಲ್ಲಿ ಈ ಪರೀಕ್ಷೆ ಮಾಡಿದಾಗ, ಬಿಸಿ ಮೇಲೇರದ ಆ ಜಾಗದಲ್ಲೂ ಕಣ್ಣು ಅದುರಿತು. ಅಂದರೆ ಹಂಡೆಯ ಲೆಕ್ಕವೊಂದೇ ಪೂರ್ತಿ ಕಾರಣವಲ್ಲ. ಆದರೆ ಪರೀಕ್ಷೆ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಇದನ್ನು ಓದಿ ಮನೆಯಲ್ಲಿ ಯಾರೂ ಕಿವಿಗೆ ನೀರು ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ಅಪಾಯ. ಇದು ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ.

ಇದಕ್ಕೂ ಎಂ.ಎಸ್.ಗೂ ಏನು ಸಂಬಂಧ?

ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳು ಮಾಡುತ್ತದೆ. ವಿದ್ಯುತ್ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದ ಹಾಗೆ. 1868ರಲ್ಲಿ ಪ್ಯಾರಿಸ್‌ನ ವೈದ್ಯ ಶಾರ್ಕೋ ಈ ಕಾಯಿಲೆಯನ್ನು ವಿವರಿಸಿದಾಗ, ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಹೇಳಿದ್ದು ಇದೇ ಕಣ್ಣಿನ ಅದುರಾಟವನ್ನು. ಬಾರಾನಿಯೋ, ಆರೋಗ್ಯವಂತನ ಕಿವಿಗೆ ನೀರು ಬಿಟ್ಟರೂ ಕಣ್ಣು ಅದುರುತ್ತದೆ ಎಂದು ತೋರಿಸಿದರು. ಹಾಗಾಗಿ ಕಣ್ಣು ಅದುರಿದ್ದನ್ನು ನೋಡಿದರೆ ಸಾಲದು, ಎಲ್ಲಿಂದ ಎಂದು ಹುಡುಕಬೇಕಾಯಿತು.

ಅದಕ್ಕೂ ಬಾರಾನಿ ದಾರಿ ಹುಡುಕಿದರು. ರೋಗಿಯನ್ನು ಕೂರಿಸಿ ತಿರುಗಿಸುವ ಕುರ್ಚಿ ಅವರ ಹೆಸರಿನಲ್ಲೇ ಇದೆ. ಕಣ್ಣು ಮುಚ್ಚಿ ಬೆರಳಿನಿಂದ ಗುರಿ ಮುಟ್ಟಿಸುವ ಪರೀಕ್ಷೆಯನ್ನೂ ರೂಪಿಸಿದರು. ಕೈ ಎತ್ತ ವಾಲುತ್ತದೆ ಎಂಬುದರಿಂದ ಕಿರುಮೆದುಳಿನ ತೊಂದರೆಯ ಸುಳಿವು ಸಿಗುತ್ತದೆ. ಎಂ.ಎಸ್.ನಿಂದ ತಲೆಸುತ್ತು ಬರುವುದು ಹೆಚ್ಚಾಗಿ ಕಿರುಮೆದುಳಿನಲ್ಲೋ, ಮೆದುಳಿನ ಕಾಂಡದಲ್ಲೋ ಹೊದಿಕೆ ಸುಲಿದಾಗಲೇ.

ಸೆರೆಶಿಬಿರದಲ್ಲಿದ್ದಾಗ ಬಂದ ನೊಬೆಲ್

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬಿಗಿದ ಮಂಡಿಯ ಬಾರಾನಿ ತಾವಾಗಿಯೇ ಮುಂದೆ ಬಂದು, ಪ್ಷೆಮಿಷಲ್ ಕೋಟೆಯಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1915ರಲ್ಲಿ ಕೋಟೆ ರಷ್ಯನ್ನರ ಕೈಸೇರಿತು. ಬಾರಾನಿ ಸೆರೆಯಾಗಿ ಮಧ್ಯ ಏಷ್ಯಾದ ಮೆರ್ವ್ ಸೇರಿದರು. ಅದು ಈಗಿನ ತುರ್ಕಮೆನಿಸ್ತಾನದಲ್ಲಿದೆ. ಅಲ್ಲಿ ಮಲೇರಿಯಾ ಹಿಡಿಯಿತು. ಅದರ ನಡುವೆಯೇ ಕೈದಿಗಳಿಗೂ ಸ್ಥಳೀಯರಿಗೂ ಚಿಕಿತ್ಸೆ ಕೊಟ್ಟರು.

1914ರ ವೈದ್ಯಕೀಯ ನೊಬೆಲ್ ತಮಗೆ ಸಂದಿದೆ ಎಂಬ ಸುದ್ದಿ ತಲುಪಿದಾಗ ಅವರಿದ್ದದ್ದು ಈ ಶಿಬಿರದಲ್ಲೇ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್ ಕ್ರಾಸ್ ಪರವಾಗಿ ಪ್ರಯತ್ನಪಟ್ಟ ಮೇಲೆ 1916ರಲ್ಲಿ ಬಿಡುಗಡೆಯಾಯಿತು. ಸ್ಟಾಕ್‌ಹೋಮ್‌ಗೆ ಹೋಗಿ ಬಹುಮಾನ ಸ್ವೀಕರಿಸಿದರು.

ವಿಯೆನ್ನಾಕ್ಕೆ ಮರಳಿದರೆ ಕಾದಿದ್ದದ್ದು ಸನ್ಮಾನವಲ್ಲ. ಬೇರೆಯವರ ಕೆಲಸಕ್ಕೆ ಹೆಸರು ಕೊಟ್ಟಿಲ್ಲ ಎಂದು ಜೊತೆಯ ವೈದ್ಯರೇ ಆರೋಪ ಹೊರಿಸಿದರು. ಮನನೊಂದ ಬಾರಾನಿ 1917ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಸ್ವೀಡನ್ನಿನ ವೈದ್ಯರು ಅವರ ಪರ ನಿಂತರು.

ಮಗ್ಗುಲು ಬದಲಿಸಿದರೆ ತಿರುಗುವ ತಲೆ

1921ರಲ್ಲಿ ಬಾರಾನಿ 27 ವರ್ಷದ ಒಬ್ಬ ಮಹಿಳೆಯ ತೊಂದರೆ ವಿವರಿಸಿದರು. ಮಲಗಿ ತಲೆಯನ್ನು ಒಂದು ಕಡೆ ತಿರುಗಿಸಿದರೆ ಮಾತ್ರ ಆಕೆಗೆ ತಲೆಸುತ್ತು. ಇಂದು ಇದನ್ನು ಬಿ.ಪಿ.ಪಿ.ವಿ. ಎನ್ನುತ್ತೇವೆ. ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ಆ ಬಾಗಿದ ಕೊಳವೆಯೊಳಗೆ ಜಾರಿದಾಗ ಹೀಗಾಗುತ್ತದೆ.

ಎಂ.ಎಸ್. ಇರುವವರು ತಿಳಿದಿರಲೇಬೇಕಾದ ವಿಷಯ ಇಲ್ಲಿದೆ. ಅವರಿಗೆ ಹೊಸದಾಗಿ ಬರುವ ತಲೆಸುತ್ತಿಗೂ ಎಷ್ಟೋ ಸಲ ಕಾರಣ ಈ ಹರಳುಗಳೇ, ಎಂ.ಎಸ್. ಅಲ್ಲ. ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ವೈದ್ಯರು ಕೆಲವೇ ನಿಮಿಷಗಳಲ್ಲಿ ಅವನ್ನು ಜಾಗಕ್ಕೆ ಸೇರಿಸಬಲ್ಲರು. ಸ್ಟೆರಾಯ್ಡ್ ಬೇಕಿಲ್ಲ. ಆದರೆ ಯಾವ ಕಿವಿ, ಯಾವ ಕೊಳವೆ ಎಂದು ಗೊತ್ತಾಗದೆ ವಿಡಿಯೋ ನೋಡಿ ಮಾಡಿಕೊಳ್ಳಬೇಡಿ.

ಬಾರಾನಿ ತೀರಿಕೊಂಡದ್ದು 1936ರ ಏಪ್ರಿಲ್ 8ರಂದು, ಉಪ್ಸಾಲಾದಲ್ಲಿ. 60 ತುಂಬಲು ಎರಡು ವಾರ ಬಾಕಿಯಿತ್ತು. ತಲೆಸುತ್ತಿನ ಬಗ್ಗೆ ಸಂಶೋಧನೆ ಮಾಡುವವರ ಅಂತರರಾಷ್ಟ್ರೀಯ ಸಂಘಕ್ಕೆ ಇಂದು ಅವರದೇ ಹೆಸರು.

ವೈದ್ಯರ ಬಳಿ ಏನು ಹೇಳಬೇಕು?

ಬರೀ ತಲೆಸುತ್ತು ಎಂದರೆ ಸಾಲದು. ನಮ್ಮ ಕನ್ನಡದಲ್ಲೇ ಬೇರೆ ಬೇರೆ ಮಾತುಗಳಿವೆ, ಬಳಸಿ.

• ಮನೆಯೇ ಗಿರಗಿರ ತಿರುಗಿದಂತಾದರೆ, ಅದು ವರ್ಟಿಗೋ. ಮಗ್ಗುಲು ಬದಲಿಸಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ, ಕಿವಿಯ ಹರಳಿನದ್ದಾಗಿರುವ ಸಾಧ್ಯತೆ ಹೆಚ್ಚು.

• ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿ.ಪಿ., ರಕ್ತಹೀನತೆ, ನೀರಿನ ಕೊರತೆ ಅಥವಾ ತೆಗೆದುಕೊಳ್ಳುತ್ತಿರುವ ಮಾತ್ರೆ ಕಾರಣವಿರಬಹುದು.

• ಒಂದು ದಿನ ಕಳೆದರೂ ನಿಲ್ಲದೆ, ಜೊತೆಗೆ ಒಂದು ವಸ್ತು ಎರಡಾಗಿ ಕಂಡರೆ, ಮುಖ ಮರಗಟ್ಟಿದರೆ, ನಡಿಗೆ ತೂರಾಡಿದರೆ, ಎಂ.ಎಸ್. ಇರುವವರು ಕೂಡಲೇ ನರರೋಗ ತಜ್ಞರನ್ನು ಕಾಣಬೇಕು.

• ಇದ್ದಕ್ಕಿದ್ದಂತೆ ಮಾತು ತೊದಲಿ, ಬಾಯಿ ಸೊಟ್ಟಗಾಗಿ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಯಾರೇ ಆಗಲಿ ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಳಿವೆ. ನರರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಎಂ.ಎಸ್. ಜೊತೆ ಬದುಕುವವರಿಗೆ ಇನ್ನೂ ಕೆಲವು ಮಾತು. ಬೇಸಿಗೆಯ ಬಿಸಿಲಲ್ಲಿ ಮೈ ಕಾದರೆ ಹಳೆಯ ತೊಂದರೆಗಳು ತಾತ್ಕಾಲಿಕವಾಗಿ ತಲೆಯೆತ್ತಬಹುದು, ತಂಪಾದ ಮೇಲೆ ಇಳಿಯುತ್ತವೆ. ತಲೆಸುತ್ತು ತಡೆಯುವ ಕೆಲವು ಮಾತ್ರೆಗಳು ನಾಲ್ಕು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮೆದುಳು ಹೊಂದಿಕೊಳ್ಳುವುದೇ ನಿಧಾನವಾಗುತ್ತದೆ. ಫಿಸಿಯೋಥೆರಪಿಸ್ಟ್ ಕಲಿಸುವ ಸಮತೋಲನದ ವ್ಯಾಯಾಮ ನಿಜಕ್ಕೂ ಸಹಾಯಕ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ, ಗೋಡೆಗೊಂದು ಹಿಡಿ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಂ.ಎಸ್. ಕೂಡ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಶರಬತ್ತು ಕುಡಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಕುಡಿದು ಸುಮ್ಮನಾಗಬೇಡಿ, ಅಷ್ಟೇ. ಮನೆಯಲ್ಲಿ ಯಾರಿಗಾದರೂ ಪದೇ ಪದೇ ತಲೆ ತಿರುಗುತ್ತಿದ್ದರೆ, ಪಿತ್ತದ ಫಾರ್ವರ್ಡ್ ಬದಲು ಇದನ್ನು ಕಳಿಸಿ.