ಅಳೆಯುವ ಮುನ್ನ ಅಳತೆಗೋಲನ್ನು ನೋಡಿ: ವಿಜ್ಞಾನಿ ಹೈನ್ರಿಕ್ ಹರ್ಟ್ಜ್



ಎಫ್.ಎಂ. ರೇಡಿಯೋ ಹಾಕಿದರೆ ಮೆಗಾಹರ್ಟ್ಜ್ ಎನ್ನುತ್ತಾರೆ, ಕಂಪ್ಯೂಟರ್ ಕೊಳ್ಳಲು ಹೋದರೆ ಗಿಗಾಹರ್ಟ್ಜ್ ಎನ್ನುತ್ತಾರೆ. ಈ ಹರ್ಟ್ಜ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂಬುದು ನಿಮಗೆ ಗೊತ್ತೇ? ಕೇವಲ 36 ವರ್ಷ ಬದುಕಿದ ಆ ಜರ್ಮನ್ ವಿಜ್ಞಾನಿಯ ಜೀವನದಿಂದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

ಹೈನ್ರಿಕ್ ಹರ್ಟ್ಜ್ 1857ರ ಫೆಬ್ರವರಿ 22ರಂದು ಹ್ಯಾಂಬರ್ಗ್ ನಗರದಲ್ಲಿ ಜನಿಸಿದರು. ತಂದೆ ವಕೀಲರಾಗಿದ್ದರು. ಬಾಲಕ ಹೈನ್ರಿಕ್‌ನಿಗೆ ಭಾಷೆಗಳ ಮೇಲೆ ಎಷ್ಟು ಪ್ರೀತಿಯೋ ಕೈಕೆಲಸದ ಮೇಲೂ ಅಷ್ಟೇ ಪ್ರೀತಿ. ವಿದ್ಯಾರ್ಥಿಯಾಗಿದ್ದಾಗಲೇ ಅರಬಿ ಕಲಿತರು, ಮರಗೆಲಸವನ್ನೂ ಲೇತ್ ಕೆಲಸವನ್ನೂ ಕಲಿತರು. ಮುಂದೆ ತಮ್ಮ ಪ್ರಯೋಗಗಳಿಗೆ ಬೇಕಾದ ಸಲಕರಣೆಗಳನ್ನು ತಾವೇ ಮಾಡಿಕೊಳ್ಳಲು ಈ ಕೈಕೆಲಸವೇ ಅವರಿಗೆ ನೆರವಾಯಿತು. ಇಂಜಿನಿಯರ್ ಆಗಲು ಹೊರಟವರು ಮನಸ್ಸು ಬದಲಿಸಿ ಭೌತಶಾಸ್ತ್ರವನ್ನು ಆರಿಸಿಕೊಂಡರು. ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಜ್ ಎಂಬ ಮಹಾನ್ ಗುರುವಿನ ಬಳಿ ಕಲಿತು 1880ರಲ್ಲಿ ಡಾಕ್ಟರೇಟ್ ಪಡೆದರು. 1885ರಲ್ಲಿ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ವಿದ್ಯುತ್ತಿನ ಅಲೆಗಳು ಬೆಳಕಿನ ವೇಗದಲ್ಲಿ ಚಲಿಸಬೇಕೆಂದು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1865ರಲ್ಲೇ ಗಣಿತದಿಂದ ತೋರಿಸಿದ್ದರು. ಆದರೆ ಅಂಥ ಅಲೆಗಳನ್ನು ಯಾರೂ ಪ್ರಯೋಗದಿಂದ ಸಿದ್ಧಪಡಿಸಿರಲಿಲ್ಲ. ಹರ್ಟ್ಜ್ ಒಂದು ಕಡೆ ವಿದ್ಯುತ್ ಕಿಡಿ ಹಾರಿಸಿದರು. ದೂರದಲ್ಲಿ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟ ತಂತಿಯ ಬಳೆಯನ್ನು ಹಿಡಿದರು. ಆ ಸಂದಿನಲ್ಲಿಯೂ ಒಂದು ಪುಟ್ಟ ಕಿಡಿ ಹಾರಿತು! ಅದು ಎಷ್ಟು ಸಣ್ಣದೆಂದರೆ ಕತ್ತಲೆಯಲ್ಲಿ ಕಣ್ಣು ಪಳಗಿಸಿಕೊಂಡು ನೋಡಬೇಕಿತ್ತು.

1888ರಲ್ಲಿ ಅವರು ಉಪನ್ಯಾಸ ಕೊಠಡಿಯ ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡನ್ನು ನಿಲ್ಲಿಸಿದರು. ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದು ತುದಿಯನ್ನು ಅಲ್ಲಾಡಿಸಿ ನೋಡಿ. ಹೋದ ಅಲೆ ಗೋಡೆಗೆ ತಾಗಿ ಹಿಂದಿರುಗುತ್ತದೆ. ಹೋಗುವ ಮತ್ತು ಬರುವ ಅಲೆಗಳು ಕೂಡಿ ಕೆಲವು ಕಡೆ ಹಗ್ಗ ಜೋರಾಗಿ ಕುಣಿಯುತ್ತದೆ, ಕೆಲವು ಕಡೆ ಸುಮ್ಮನಿರುತ್ತದೆ. ಹರ್ಟ್ಜ್ ಅವರ ಕೊಠಡಿಯಲ್ಲಿ ನಡೆದದ್ದೂ ಇದೇ. ಕಿಡಿ ಎಲ್ಲಿ ಬಲವಾಗುತ್ತದೆ, ಎಲ್ಲಿ ಕ್ಷೀಣಿಸುತ್ತದೆ ಎಂದು ಹೆಜ್ಜೆ ಹೆಜ್ಜೆಗೆ ಗುರುತಿಸಿ ಅಲೆಯ ಉದ್ದವನ್ನು ಅಳೆದರು. ಮ್ಯಾಕ್ಸ್‌ವೆಲ್ ಹೇಳಿದ ಅಲೆಗಳು ನಿಜವೆಂದು ಜಗತ್ತು ಒಪ್ಪಿತು. 1890ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ರಮ್‌ಫೋರ್ಡ್ ಪದಕ ನೀಡಿ ಗೌರವಿಸಿತು.

ಆದರೆ ಕೇಳಿ, ಆ ಅಳತೆಗಳಲ್ಲಿ ತಪ್ಪುಗಳಿದ್ದವು. ಗಾಳಿಯಲ್ಲಿಯೂ ತಂತಿಯ ಮೇಲೂ ಅಲೆಯ ವೇಗ ಒಂದೇ ಇರಬೇಕೆಂದು ಸಿದ್ಧಾಂತ ಹೇಳುತ್ತಿತ್ತು. ಹರ್ಟ್ಜ್ ಅವರಿಗೆ ಬೇರೆ ಬೇರೆ ಬಂತು. ಕಂಪನದ ಅವಧಿಯ ಲೆಕ್ಕದಲ್ಲಿ ಒಂದು ತಪ್ಪಿದೆಯೆಂದು ಫ್ರೆಂಚ್ ಗಣಿತಜ್ಞ ಪ್ವಾಂಕರೆ ಎತ್ತಿ ತೋರಿಸಿದರು. ಇಷ್ಟು ಕೀರ್ತಿ ಪಡೆದವರು ಇದನ್ನು ಮುಚ್ಚಿಡಬಹುದಿತ್ತು. ಹರ್ಟ್ಜ್ ಹಾಗೆ ಮಾಡಲಿಲ್ಲ. 1892ರಲ್ಲಿ ತಮ್ಮ ಲೇಖನಗಳನ್ನು ಪುಸ್ತಕವಾಗಿ ತಂದಾಗ ತಪ್ಪನ್ನು ತಾವೇ ಒಪ್ಪಿಕೊಂಡು ಅಚ್ಚು ಹಾಕಿಸಿದರು. 1893ರಲ್ಲಿ ಜಿನೀವಾದಲ್ಲಿ ಇಬ್ಬರು ವಿಜ್ಞಾನಿಗಳು ದೊಡ್ಡ ಸಭಾಂಗಣದಲ್ಲಿ 16 ಮೀಟರ್ ಉದ್ದ, 8 ಮೀಟರ್ ಎತ್ತರದ ತಗಡು ನಿಲ್ಲಿಸಿ ಅಳೆದಾಗ ಎರಡೂ ವೇಗಗಳು ಸಮನಾಗಿ ಬಂದವು. ಹರ್ಟ್ಜ್ ಅವರ ಕೊಠಡಿ ಚಿಕ್ಕದಾಗಿದ್ದರಿಂದ ಸುತ್ತಲಿನ ಗೋಡೆಗಳಿಂದ ಹಿಂದಿರುಗಿದ ಅಲೆಗಳೂ ಅಳತೆಯಲ್ಲಿ ಬೆರೆತುಹೋಗಿದ್ದವು. ಈ ಫಲಿತಾಂಶವನ್ನು ಅವರು ಮನಸಾರೆ ಸ್ವೀಕರಿಸಿದರು. ಆಗ ಅವರು ಬಾನ್ ವಿಶ್ವವಿದ್ಯಾಲಯದಲ್ಲಿದ್ದರು, ತೀವ್ರ ಕಾಯಿಲೆಯಿಂದ ನರಳುತ್ತಿದ್ದರು. 1894ರ ಜನವರಿ 1ರಂದು ಪತ್ನಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಅಗಲಿ ನಿಧನರಾದರು. 1960ರಲ್ಲಿ ಅಂತಾರಾಷ್ಟ್ರೀಯ ಮಾನ ಪದ್ಧತಿಯು ಆವರ್ತನದ ಮಾನಕ್ಕೆ ಅವರ ಹೆಸರನ್ನೇ ಸ್ವೀಕರಿಸಿತು.

ಈಗ ಅವರ ಕೆಲಸವನ್ನು ಅಂಗೈಯಲ್ಲಿ ಹಿಡಿಯುವ ಒಂದು ಉಪಕರಣ ಮಾಡುತ್ತದೆ. ಅದರ ಹೆಸರು ನೆಟ್‌ವರ್ಕ್ ಅನಲೈಸರ್. ಅದು ಆಂಟೆನಾಕ್ಕೆ ಅಲೆಯನ್ನು ಕಳುಹಿಸಿ, ಎಷ್ಟು ಹಿಂದಿರುಗಿತು ಎಂದು ಅಳೆಯುತ್ತದೆ. ನಿಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಇದನ್ನು ಕೈಗೆತ್ತಿಕೊಂಡಾಗ ಮೊದಲು ಕ್ಯಾಲಿಬ್ರೇಷನ್ ಮಾಡಲೇಬೇಕು. ದಿನಸಿ ಅಂಗಡಿಯವರು ತೂಗುವ ಮೊದಲು ಖಾಲಿ ತಕ್ಕಡಿ ಸಮವಾಗಿದೆಯೇ ಎಂದು ನೋಡುವಂತೆಯೇ ಇದು. ಯಾವ ಆವರ್ತನದಿಂದ ಯಾವ ಆವರ್ತನದವರೆಗೆ ಅಳೆಯಬೇಕೆಂದು ಮೊದಲು ನಿಗದಿಪಡಿಸಿ. ನಂತರ ಆಂಟೆನಾ ಜೋಡಿಸುವ ಕೇಬಲ್ ತುದಿಗೆ ಓಪನ್, ಶಾರ್ಟ್ ಮತ್ತು 50 ಓಮ್ ಲೋಡ್ ಎಂಬ ಮೂರು ಬಿಲ್ಲೆಗಳನ್ನು ಒಂದಾದ ಮೇಲೊಂದು ತಿರುಗಿಸಿ ಹಾಕಿ, ಪ್ರತಿಯೊಂದರ ಅಳತೆಯನ್ನೂ ದಾಖಲಿಸಿ ಉಳಿಸಿಕೊಳ್ಳಿ. ಮತ್ತೊಮ್ಮೆ ಲೋಡ್ ಹಾಕಿ ನೋಡಿ. ಅಲೆ ಬಹುಮಟ್ಟಿಗೆ ಹಿಂದಿರುಗದಿದ್ದರೆ ಉಪಕರಣ ಸಿದ್ಧವಾಗಿದೆ ಎಂದರ್ಥ. ಕೇಬಲ್ ಬದಲಾದರೆ, ಆವರ್ತನದ ವ್ಯಾಪ್ತಿ ಬದಲಾದರೆ ಮತ್ತೆ ಮೊದಲಿನಿಂದ ಮಾಡಬೇಕು. ಇದನ್ನು ಬಿಟ್ಟರೂ ಪರದೆಯ ಮೇಲೆ ಗೆರೆ ಅಂದವಾಗಿಯೇ ಮೂಡುತ್ತದೆ. ಆದರೆ ಹರ್ಟ್ಜ್ ಅವರ ಅಳತೆಯಲ್ಲಿ ಗೋಡೆಗಳು ಬೆರೆತಂತೆ ಇದರಲ್ಲಿ ಕೇಬಲ್‌ನ ದೋಷವೂ ಬೆರೆತಿರುತ್ತದೆ.

ಆದ್ದರಿಂದ ಮಿತ್ರರೇ, ಉತ್ತರ ತಪ್ಪಿ ಬಂದಾಗ ಅಳಿಸಿ ಮುಚ್ಚಿಡಬೇಡಿ. ಎಲ್ಲಿ ತಪ್ಪಿತೆಂದು ಹುಡುಕಿ, ಧೈರ್ಯದಿಂದ ಬರೆದಿಡಿ. ತಪ್ಪನ್ನು ಒಪ್ಪಿಕೊಂಡಿದ್ದರಿಂದ ಹರ್ಟ್ಜ್ ಅವರ ಹೆಸರು ಕುಂದಲಿಲ್ಲ. ಮುಂದೆ ರೇಡಿಯೋ ಹಾಕಿದಾಗಲೆಲ್ಲ ಅವರನ್ನು ಒಮ್ಮೆ ನೆನೆಯಿರಿ.